ಕಡತದಲ್ಲಿ ಮುಳುಗಿದ ಬಾವಿಗಳು

ಮುಂಬಯಿ ಕನ್ನಡಿಗರಿಗೆ ಕಡಲು ಹೊಸದಲ್ಲ. ಸಸೂನ್ ಡಾಕ್, ಭಾವುಚಾ ಧಕ್ಕೆಗಳಲ್ಲಿ ನಮ್ಮ ಕರಾವಳಿಯ ಮೊಗವೀರರು ತಲೆಮಾರುಗಳಿಂದ ದುಡಿದಿದ್ದಾರೆ. ಅದೇ ಕಡಲಿನಲ್ಲಿ, ನಗರದಿಂದ ಸುಮಾರು 160 ಕಿಲೋಮೀಟರ್ ಆಚೆ, 1974ರಲ್ಲಿ 'ಸಾಗರ ಸಾಮ್ರಾಟ್' ಕೊರೆದಾಗ ತೈಲ ದೊರೆಯಿತು. 1976ರ ಮೇ ತಿಂಗಳಲ್ಲಿ ಬಾಂಬೆ ಹೈಯಲ್ಲಿ ಉತ್ಪಾದನೆ ಆರಂಭವಾಯಿತು. ಬಾವಿ ಎಲ್ಲಿದೆ, ಎಷ್ಟು ಆಳ, ಯಾವ ಶಿಲೆ ಎದುರಾಯಿತು, ಹೇಗೆ ಮುಚ್ಚಲಾಯಿತು ಎಂಬುದೆಲ್ಲ ದಾಖಲೆಯಾಗುತ್ತದೆ. ಅದಕ್ಕೆ ವೆಚ್ಚವಾದದ್ದು ಬಹುಪಾಲು ಸಾರ್ವಜನಿಕರ ಹಣವೇ.

ದಾಖಲೆಯನ್ನು ನಕ್ಷೆಯಾಗಿಸುವುದು ಸುಲಭವಲ್ಲವೆಂಬುದನ್ನು ಅನುಭವದಿಂದ ಬಲ್ಲೆ. ಕೇಂದ್ರ ಸರಕಾರದ ಸೇವೆಯಲ್ಲಿರುವ ನಾನು ಹಿಂದೊಮ್ಮೆ ಹಳೆಯ ಸ್ಥಳಪಟ್ಟಿಯೊಂದನ್ನು ಗಣಕಯಂತ್ರಕ್ಕೆ ಏರಿಸಿದೆ. ಬಿಂದುಗಳೆಲ್ಲ ಸುಮಾರು ನೂರು ಮೀಟರ್ ಸರಿದು ಕುಳಿತವು. ಹಳೆಯ ಅಂಕಿಗಳು ಎವರೆಸ್ಟ್ ಮಾನಕದವು. ಇಂದಿನ ಉಪಗ್ರಹ ಸಾಧನಗಳದು ಡಬ್ಲ್ಯುಜಿಎಸ್-84. ಯಾವ ಮಾನಕವೆಂದು ಪಟ್ಟಿಯಲ್ಲಿ ಬರೆದಿರಲಿಲ್ಲ, ನಾನೂ ವಿಚಾರಿಸಿರಲಿಲ್ಲ. ತಪ್ಪು ನನ್ನದೇ. ಬಾವಿಯ ಆಳಕ್ಕೂ ಇದೇ ಮಾತು: ಅಳತೆ ಕೊರೆಯುವ ಅಟ್ಟದಿಂದಲೋ ಸಮುದ್ರಮಟ್ಟದಿಂದಲೋ ಎಂದು ತಿಳಿಯದಿದ್ದರೆ ಅಂಕಿ ನಿರರ್ಥಕ.

ಕಡಲಿನಲ್ಲಿ ನೂರು ಮೀಟರ್ ಅಲ್ಪವಲ್ಲ. ತೈಲವೇದಿಕೆಯ ಸುತ್ತಲಿನ ಸುರಕ್ಷತಾ ವಲಯವೇ 500 ಮೀಟರ್. ಕೈಬಿಟ್ಟ ಬಾವಿಯ ಮೂತಿ ತಳದಲ್ಲಿ ಉಳಿದಿದ್ದರೆ ಬಲೆ ಹರಿಯುತ್ತದೆ. ಆ ನಷ್ಟ ತಂಡೇಲನದು.

2017ರಲ್ಲಿ ನಮ್ಮ ದೇಶ ರಾಷ್ಟ್ರೀಯ ದತ್ತಾಂಶ ಭಂಡಾರವನ್ನು ತೆರೆದದ್ದು ಸ್ವಾಗತಾರ್ಹ. ಆದರೆ ಅದರ ದೃಷ್ಟಿ ಮುಖ್ಯವಾಗಿ ತೈಲ ಹುಡುಕುವ ಕಂಪನಿಗಳ ಕಡೆಗಿದೆ. ನಾರ್ವೆಯಲ್ಲಿ ಯಾರು ಬೇಕಾದರೂ ಬಾವಿಯ ಹೆಸರು ಹುಡುಕಿ, ನಕ್ಷೆಯಲ್ಲಿ ಅದರ ನೆಲೆಯನ್ನು ಉಚಿತವಾಗಿ ನೋಡಬಹುದು. ಭದ್ರತೆಯ ಪ್ರಶ್ನೆ ಇಲ್ಲಿ ಇಲ್ಲವೆನ್ನಲಾರೆ. ಸೇವೆಯಲ್ಲಿರುವವನಾಗಿ ಅದರ ತೂಕವೂ ನನಗೆ ಗೊತ್ತು. ಆದರೆ ನಾವಿಕರ ನಕ್ಷೆಗಳಲ್ಲಿ ಈಗಾಗಲೇ ಕಾಣುವ ವೇದಿಕೆಯನ್ನು ಮೀನುಗಾರನಿಂದ ಮರೆಮಾಚುವುದರಲ್ಲಿ ಯಾವ ಭದ್ರತೆಯಿದೆ?

2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಪ್ರಕರಣ, ಯಾರೂ ಕೇಳುವ ಮೊದಲೇ ಮಾಹಿತಿ ಪ್ರಕಟಿಸಬೇಕೆನ್ನುತ್ತದೆ. ಸ್ಥಳೀಯ ಭಾಷೆಯನ್ನೂ ಗಮನದಲ್ಲಿಡಬೇಕೆನ್ನುತ್ತದೆ. ಮುಂಬಯಿಯ ಧಕ್ಕೆಗಳಲ್ಲಿ ಆ ಭಾಷೆ ಮರಾಠಿ. ಮಲ್ಪೆ, ಮಂಗಳೂರುಗಳಿಂದ ದೂರದ ಮೀನುಗಾರಿಕೆಗೆ ಹೊರಡುವವರಿಗೆ ಕನ್ನಡ. ಬಾವಿ, ವೇದಿಕೆ, ಕೊಳವೆಮಾರ್ಗಗಳ ನಕ್ಷೆ ಈ ಎರಡೂ ಭಾಷೆಗಳಲ್ಲಿ, ಮಾನಕವನ್ನು ನಮೂದಿಸಿ, ತಂಡೇಲನ ಕೈಸೇರಬೇಕು. ಕಚೇರಿಗಳಲ್ಲಿ ಕುಳಿತಿರುವ ನಮ್ಮಂಥ ಕನ್ನಡಿಗರು ಇದನ್ನು ಬರೆದು ಕೇಳೋಣ. ಅರ್ಜಿ ಬರೆಯುವುದನ್ನಾದರೂ ನಾವು ಚೆನ್ನಾಗಿ ಕಲಿತಿದ್ದೇವೆ.