ಗಣಕಯಂತ್ರದ ಪೆಟ್ಟಿಗೆಯೂ ಬಣ್ಣದ ಕಾಯಕವೂ

ಮನೆಯಲ್ಲಿರುವ ಹಳೆಯ ಗಣಕಯಂತ್ರದ ಪೆಟ್ಟಿಗೆಯನ್ನು ಬಿಚ್ಚಿ, ತಿಕ್ಕಿ, ಅದಕ್ಕೆ ಬಣ್ಣ ಹೊಡೆದು, ಬೇಕಾದೆಡೆಯಲ್ಲಿ ಕೊರೆದು ಹೊಸತಾಗಿಸಿಕೊಳ್ಳುವ ಹವ್ಯಾಸವೊಂದು ಈಚಿನ ವರ್ಷಗಳಲ್ಲಿ ನಮ್ಮ ವಿದ್ಯಾರ್ಥಿಗಳಲ್ಲಿ ಕಾಣಿಸಿಕೊಂಡಿದೆ. ಇದು ವಿದ್ಯಾರ್ಜನೆಗೆ ಸಹಾಯಕವೋ ಬಾಧಕವೋ ಎಂಬ ವಿಚಾರದಲ್ಲಿ ನಮ್ಮ ಅಧ್ಯಾಪಕವರ್ಗದಲ್ಲಿ ಒಮ್ಮತವಿಲ್ಲ. ಶ್ರೀಮಠದ ಆಶ್ರಯದಲ್ಲಿ ನಡೆಯುವ ಶಾಲೆಯ ಸ್ಮರಣಸಂಚಿಕೆಯಲ್ಲಿ ಕನ್ನಡ ಪಂಡಿತನಾದವನು ಛಂದಸ್ಸು ವ್ಯಾಕರಣಗಳನ್ನು ಬಿಟ್ಟು ಈ ತಗಡಿನ ಪೆಟ್ಟಿಗೆಯ ಗೋಜಿಗೆ ಏಕೆ ಹೋಗಬೇಕೆಂದು ಕೆಲವರಿಗೆ ತೋರಬಹುದು. ಕೈಗೆಲಸವನ್ನು ಕೀಳೆಂದೆಣಿಸುವ ಮಾತು ಈ ಆವರಣದಲ್ಲಿಯೇ ಕೇಳಿಬಂದುದರಿಂದ ಸುಮ್ಮನಿರುವುದು ನನಗೆ ಉಚಿತವೆನಿಸಲಿಲ್ಲ.

ವಿಷಯವಿಷ್ಟೆ. ನಮ್ಮ ಹಳೆಯ ವಿದ್ಯಾರ್ಥಿಗಳು ದಾಸೋಹಭಾವದಿಂದ ಕೊಟ್ಟ ಬಳಸಿದ ಗಣಕಯಂತ್ರಗಳು ಉಗ್ರಾಣದಲ್ಲಿ ಒಂದರ ಮೇಲೊಂದು ಪೇರಿಸಲ್ಪಟ್ಟಿವೆ. ಅವುಗಳ ಮೈ ಹಳದಿಗಟ್ಟಿದೆ, ಅಂಚುಗಳಿಗೆ ತುಕ್ಕು ಹಿಡಿದಿದೆ. ಅವನ್ನು ತೂಕಕ್ಕೆ ಹಾಕಿ ಗುಜರಿಯವನಿಗೆ ಕೊಟ್ಟುಬಿಡೋಣವೆಂಬುದು ಒಂದು ಪಕ್ಷ. ಹುಡುಗರ ಕೈಗೆ ಕೊಟ್ಟು ಬಿಚ್ಚಿಸಿ, ಬಣ್ಣ ಹೊಡೆಸಿ, ಮತ್ತೆ ಜೋಡಿಸಿ ಬಳಸೋಣವೆಂಬುದು ಇನ್ನೊಂದು ಪಕ್ಷ. ನಾನು ಎರಡನೆಯ ಪಕ್ಷದವನು. ನನ್ನ ಕಾರಣಗಳನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಮೊದಲು ಪೆಟ್ಟಿಗೆಯ ವಿಚಾರ. 1981ರಲ್ಲಿ ಐಬಿಎಂ ಕಂಪನಿಯವರು ತಮ್ಮ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಂದಿನಿಂದ ಬಹುಕಾಲ ಈ ಯಂತ್ರಗಳೆಲ್ಲ ಮಾಸಲು ಬಿಳುಪಿನ, ಕಚೇರಿಯ ಕಡತಗಳ ಕಪಾಟನ್ನು ನೆನಪಿಸುವ ಬಣ್ಣದವೇ ಆಗಿದ್ದವು. 1998ರಲ್ಲಿ ಆಪಲ್ ಕಂಪನಿಯ ಐಮ್ಯಾಕ್ ಸಮುದ್ರದ ನೀಲಿ ಹಸಿರು ಬೆರೆತ, ಒಳಗು ಕಾಣುವಂಥ ಮೈಯಿಂದ ಬಂದಾಗ ಜನ ಬೆರಗಾದರು. ಯಂತ್ರಕ್ಕೂ ಚೆಲುವಿರಬಹುದೆಂಬುದು ಆಗ ಅನೇಕರಿಗೆ ಹೊಳೆಯಿತು. ಇನ್ನು ಅಳತೆಯ ಮಾತು. 1995ರಲ್ಲಿ ಇಂಟೆಲ್ ಕಂಪನಿಯವರು ಎಟಿಎಕ್ಸ್ ಎಂಬ ಕ್ರಮವನ್ನು ಪ್ರಕಟಿಸಿ, ಒಳಗಣ ಮುಖ್ಯಫಲಕದ ಉದ್ದಗಲಗಳನ್ನೂ ತಿರುಪುಗಳು ಕೂರುವ ತೂತುಗಳ ಸ್ಥಾನವನ್ನೂ ಗೊತ್ತುಪಡಿಸಿದರು. ಆ ಕ್ರಮಕ್ಕೆ ಸೇರಿದ ಹಳೆಯ ಪೆಟ್ಟಿಗೆಯೊಳಗೆ ಇಂದಿನ ಫಲಕವನ್ನೂ ಕೂರಿಸಬಹುದು. ಜೀರ್ಣವಾದ ವಸ್ತ್ರವನ್ನು ಬಿಟ್ಟು ಹೊಸತನ್ನು ಉಡುವ ದೃಷ್ಟಾಂತವು ನಮಗೆಲ್ಲ ಬಾಯಿಪಾಠ. ಇಲ್ಲಿ ಅದು ತಲೆಕೆಳಗು. ಬಟ್ಟೆ ಉಳಿಯುತ್ತದೆ, ಜೀವ ಬದಲಾಗುತ್ತದೆ! ಹೀಗಿರುವಾಗ ಗಟ್ಟಿಮುಟ್ಟಾದ ಉಕ್ಕಿನ ತಗಡಿನ ಪೆಟ್ಟಿಗೆಯನ್ನು, ಮೈಬಣ್ಣ ಕೆಟ್ಟಿತೆಂಬ ಒಂದೇ ಕಾರಣಕ್ಕೆ ಎಸೆಯುವುದು ವಿವೇಕವಲ್ಲ.

ಬಣ್ಣ ಹೊಡೆಯುವುದು ಸುಲಭವೆಂದು ತಿಳಿದವರಿಗೆ ಅದರ ಕ್ರಮವನ್ನು ಹೇಳಬೇಕು. ಮೊದಲು ಒಳಗಿನದೆಲ್ಲವನ್ನೂ ತೆಗೆದು ಪೆಟ್ಟಿಗೆಯನ್ನು ಬರಿದಾಗಿಸಬೇಕು. ಸಾಬೂನು ನೀರಿನಿಂದ ಜಿಡ್ಡು ತೊಳೆದು ಒಣಗಿಸಬೇಕು. ಅನಂತರ ಮರಳು ಕಾಗದದಿಂದ ಉಜ್ಜಬೇಕು: ಮೊದಲು 220ರ ಅಂಕೆಯ ಒರಟು ಕಾಗದ, ಬಳಿಕ 400ರದು, ಕೊನೆಗೆ 600ರದು. ತುಕ್ಕು ಕಂಡೆಡೆ ಲೋಹ ಮಿನುಗುವವರೆಗೆ ಉಜ್ಜಿ ರೆಡ್ ಆಕ್ಸೈಡ್ ಪ್ರೈಮರ್ ಕೊಡಬೇಕು. ತಗ್ಗಿದ್ದಲ್ಲಿ ಪುಟ್ಟಿ ತುಂಬಿ ಮತ್ತೆ ಸಮ ಮಾಡಬೇಕು. ಮುಂಭಾಗದ ಪ್ಲಾಸ್ಟಿಕ್ಕಿಗೆ ತೀಕ್ಷ್ಣವಾದ ಥಿನ್ನರ್ ತಾಗಿಸಿದರೆ ಅದು ಕರಗಿ ವಿಕಾರವಾಗುತ್ತದೆ. ಅದಕ್ಕೆ ಪ್ರತ್ಯೇಕ ಪ್ರೈಮರ್ ಬೇಕು. ಇಷ್ಟೆಲ್ಲ ಆದಮೇಲೆ ಬಣ್ಣದ ಮಾತು. ಮೂರು ದಿನದ ಕೆಲಸದಲ್ಲಿ ಎರಡೂವರೆ ದಿನ ಬಣ್ಣದ ಡಬ್ಬಿಯನ್ನು ಮುಟ್ಟುವಂತೆಯೇ ಇಲ್ಲ.

ಇದು ನನಗೆ ಹೊಸ ಮಾತಾಗಿ ಕೇಳಿಸಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಚಿತ್ರಪ್ರಕರಣದಲ್ಲಿ, ಚಿತ್ರ ಬರೆಯುವ ಮುನ್ನ ಭಿತ್ತಿಯನ್ನು ಹದಗೊಳಿಸುವ ವಿಧಾನವು ವಿಸ್ತಾರವಾಗಿ ಬಂದಿದೆ. ಎಮ್ಮೆಯ ಚರ್ಮವನ್ನು ಬೇಯಿಸಿ ತೆಗೆದ ವಜ್ರಲೇಪವೆಂಬ ಅಂಟನ್ನು ಬಿಳಿಯ ಮಣ್ಣಿನೊಡನೆ ಕಲಸಿ, ನುಣುಪಾದ ಗೋಡೆಗೆ ಲೇಪದ ಮೇಲೆ ಲೇಪ ಕೊಟ್ಟು, ಒಣಗಿದ ಮೇಲೆಯೇ ವರ್ಣವನ್ನು ಮುಟ್ಟಬೇಕೆಂಬುದು ಅಲ್ಲಿಯ ಕ್ರಮ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗೆ ಹುಣಸೆಬೀಜದ ಅಂಟು, ಮರದ ಹುಡಿ ಮುಂತಾದವುಗಳ ಲೇಪ ಕೊಟ್ಟು ಮೈಯನ್ನು ಸಮಗೊಳಿಸಿದ ಮೇಲೆಯೇ ಬಣ್ಣಕ್ಕೆ ಕೈಹಾಕುತ್ತಾರೆ. ಚನ್ನಪಟ್ಟಣದವರ ದಾರಿ ಬೇರೆ: ತಿರುಗಣಿಯಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ತಾನೇ ಹರಡಿಕೊಳ್ಳುತ್ತದೆ. ರಾಜನ ಗ್ರಂಥವಾಗಲಿ, ಕಿನ್ನಾಳದ ಅಂಗಳವಾಗಲಿ, ನಮ್ಮ ಹುಡುಗನ ಮನೆಯ ಹಿತ್ತಿಲಾಗಲಿ, ನೆಲೆ ಹದವಾಗದೆ ಬಣ್ಣ ನಿಲ್ಲದು.

ಡಬ್ಬಿಯಿಂದ ತುಂತುರಾಗಿ ಬಣ್ಣ ಹಾಯಿಸುವ ಉಪಾಯಕ್ಕೆ ಇನ್ನೂ ನೂರು ವರ್ಷ ತುಂಬಿದೆಯೋ ಇಲ್ಲವೋ ಎಂಬಷ್ಟೇ ವಯಸ್ಸು. ನಾರ್ವೆ ದೇಶದ ಎರಿಕ್ ರೋಥೈಮ್ ಎಂಬಾತ 1920ರ ದಶಕದಲ್ಲಿ ಒತ್ತಡದ ಡಬ್ಬಿಯನ್ನು ರೂಪಿಸಿದ. ಅದರೊಳಗೆ ಬಣ್ಣ ತುಂಬಿ ಮಾರಲು ತೊಡಗಿದವನು 1949ರಲ್ಲಿ ಅಮೆರಿಕದ ಎಡ್ವರ್ಡ್ ಸೇಮೋರ್. ಹಿಂದೆ ಇಂಥ ಡಬ್ಬಿಗಳಲ್ಲಿ ತುಂಬುತ್ತಿದ್ದ ಕ್ಲೋರೋಫ್ಲೂರೋಕಾರ್ಬನ್ ಅನಿಲಗಳು ಓಜೋನ್ ಪದರವನ್ನು ಕೆಡಿಸುವುದು ತಿಳಿದು, 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಅವನ್ನು ಜಗತ್ತು ಕ್ರಮೇಣ ಕೈಬಿಟ್ಟಿತು. ಈಗಿನ ಡಬ್ಬಿಗಳಲ್ಲಿ ಹೆಚ್ಚಾಗಿ ಇರುವುದು ಅಡುಗೆ ಅನಿಲದ ಜಾತಿಗೆ ಸೇರಿದ ಪ್ರೊಪೇನ್, ಬ್ಯುಟೇನ್‌ಗಳು. ಆದುದರಿಂದ ಒಲೆ ದೀಪಗಳ ಸಮೀಪದಲ್ಲಿ ಈ ಕೆಲಸ ಸಲ್ಲದು, ಡಬ್ಬಿಯನ್ನು ಬಿಸಿಲಿನಲ್ಲಿಯೂ ಇಡಬಾರದು. ಅದನ್ನು ಅಲುಗಾಡಿಸುವಾಗ ಕಟಕಟನೆ ಸದ್ದು ಮಾಡುವ ಗುಂಡು, ತಳಕ್ಕಿಳಿದ ಬಣ್ಣವನ್ನು ಕಲಕಲೆಂದೇ ಹಾಕಿದ್ದು. ಸುಮಾರು 20ರಿಂದ 30 ಸೆಂಟಿಮೀಟರು ದೂರದಲ್ಲಿ ಹಿಡಿದು, ಕೈಯನ್ನು ಒಂದೇ ವೇಗದಲ್ಲಿ ಒಯ್ಯುತ್ತ ತೆಳುವಾದ ಪದರಗಳನ್ನು ಕೊಡಬೇಕು. ಕೈ ನಿಂತರೆ ಬಣ್ಣ ಇಳಿದು ಕಣ್ಣೀರಿನ ಗೆರೆಯಾಗುತ್ತದೆ; ದೂರ ಹೆಚ್ಚಾದರೆ ಮೈ ಕಿತ್ತಳೆಯ ಸಿಪ್ಪೆಯಂತೆ ತರಕಲಾಗುತ್ತದೆ. ಮಳೆಗಾಲದ ತೇವದಲ್ಲಿ ಹೊಡೆದ ಬಣ್ಣಕ್ಕೆ ಬೂದಿ ಬಳಿದಂತೆ ಬಿಳುಪೇರುವುದುಂಟು. ದ್ರಾವಕ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಹನಿಗಟ್ಟುವುದೇ ಇದಕ್ಕೆ ಕಾರಣ. ಇದನ್ನು ನನಗೆ ವಿವರಿಸಿದವನು ನಮ್ಮ ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿ. ಸಂಧಿಯ ಸೂತ್ರವೊಂದನ್ನು ಇಷ್ಟು ನಿಖರವಾಗಿ ಅವನು ನನಗೆ ಎಂದೂ ಒಪ್ಪಿಸಿದವನಲ್ಲ.

ಆ ಹುಡುಗ ತನ್ನ ಸೋದರಮಾವನ ಮನೆಯ ಮೂಲೆಯಲ್ಲಿ ಬಿದ್ದಿದ್ದ ಪೆಟ್ಟಿಗೆಯನ್ನು ತಂದು ಕಡುನೀಲಿ ಬಣ್ಣ ಹೊಡೆದಿದ್ದಾನೆ. ಗಾಳಿಯಾಡದೆ ಒಳಗು ಕಾಯುತ್ತಿತ್ತೆಂದು ಮೇಲ್ಭಾಗದಲ್ಲಿ 12 ಸೆಂಟಿಮೀಟರಿನ ಪಂಕಕ್ಕೆ ತಕ್ಕ ದುಂಡನೆಯ ಕಿಂಡಿ ಕೊರೆದು, ಅಂಚಿನ ಚೂಪನ್ನು ಅರದಿಂದ ತೇಯ್ದಿದ್ದಾನೆ. ಲೋಹದ ಹುಡಿಯ ಒಂದು ಕಣ ಉಳಿದರೂ ಫಲಕ ಸುಟ್ಟೀತೆಂದು ಪೆಟ್ಟಿಗೆಯನ್ನು ಎರಡು ಸಲ ಒರೆಸಿದ್ದಾನೆ. ಫಲಕವನ್ನು ಹೊರುವ ತಿರುಪುಗಂಬಗಳಿಗೆ ಮಾತ್ರ ಬಣ್ಣ ತಾಗದಂತೆ ಅಂಟುಪಟ್ಟಿ ಸುತ್ತಿದ್ದನಂತೆ, ಅಲ್ಲಿ ಲೋಹಕ್ಕೆ ಲೋಹ ತಾಗಿರಬೇಕೆಂದು. ಇದನ್ನೆಲ್ಲ ಕಂಡ ಸಹೋದ್ಯೋಗಿ ಮಿತ್ರರೊಬ್ಬರು “ಓದುವ ಹುಡುಗ ಪೇಂಟರನಾಗಬೇಕೇನು?” ಎಂದರು. ನಾನು ಮೇಲೆ ಸೂಚಿಸಿದ ಮಾತು ಇದೇ.

ಪೇಂಟರನಾದರೆ ಏನು ಕೊರತೆ? ಬುಟ್ಟಿ ಹೆಣೆದ ಮೇದಾರ ಕೇತಯ್ಯನವರನ್ನೂ, ಹಗ್ಗ ಹೊಸೆದ ನುಲಿಯ ಚಂದಯ್ಯನವರನ್ನೂ, ಬಟ್ಟೆ ಒಗೆದ ಮಡಿವಾಳ ಮಾಚಿದೇವರನ್ನೂ ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಸ್ಮರಿಸಿ ಹಾರ ಹಾಕುವ ನಾವು, ಅವರ ಹಾದಿಯಲ್ಲಿ ಕೈಯನ್ನು ಕೊಳೆ ಮಾಡಿಕೊಂಡು ಬಂದ ಹುಡುಗನನ್ನು ಕೈತೊಳೆದು ಬಾ ಎಂದು ಗದರಿಸಿದರೆ, ಆ ಹಾರಕ್ಕೆ ಅರ್ಥವೇನುಳಿಯಿತು? ಶರಣರಲ್ಲಿ ಕಾಯಕವು ಹೊಟ್ಟೆಪಾಡಿನ ಉಪಾಯಮಾತ್ರವಾಗಿರಲಿಲ್ಲ. ಅರಿವು ಕೈಗಿಳಿಯುವ ಬಗೆಯೂ ಆಗಿತ್ತು. ಗಣಕಯಂತ್ರದ ಪಾಠವನ್ನು ನಮ್ಮಲ್ಲಿ ಪರದೆಯ ಹೊರಗೆ ಕುಳಿತು ಕಲಿಸುತ್ತಿದ್ದೇವೆ. ಅದರ ಬೆನ್ನಿನ ನಾಲ್ಕು ತಿರುಪುಗಳನ್ನು ಬಿಚ್ಚಿ ನೋಡಿದ ಮಕ್ಕಳು ಎಷ್ಟು ಮಂದಿ?

ಹಾಗೆಂದು ವಿರೋಧಪಕ್ಷದ ಮಾತುಗಳೆಲ್ಲ ಹುರುಳಿಲ್ಲದವೆಂದು ನಾನು ಹೇಳುವುದಿಲ್ಲ. ವಿಜ್ಞಾನದ ಮೇಷ್ಟರು ದ್ರಾವಕದ ಆವಿಯ ಅಪಾಯವನ್ನು ಎತ್ತಿ ತೋರಿಸಿದ್ದಾರೆ. ಅದು ಪೂರ್ಣ ಸತ್ಯ. ಮುಚ್ಚಿದ ಕೋಣೆಯಲ್ಲಿ ಬಣ್ಣ ಹೊಡೆಯಲಾಗದು. ಮೂಗಿಗೆ ಕಟ್ಟಿದ ಕರವಸ್ತ್ರ ಹನಿಗಳನ್ನು ತಡೆದೀತೇ ಹೊರತು ಆವಿಯನ್ನು ತಡೆಯದು. ಅದಕ್ಕೆಂದೇ ಇರುವ ಇದ್ದಿಲಿನ ಶೋಧಕದ ಮುಖಗವಸು ಬೇಕು. ವಿದ್ಯುತ್ ಸರಬರಾಜಿನ ಒಳಪೆಟ್ಟಿಗೆಯನ್ನಂತೂ ತಂತಿ ಕಿತ್ತ ಮೇಲೆಯೂ ತೆರೆಯಕೂಡದು, ಅದರೊಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಕಿರಿಯ ತರಗತಿಯ ಮಕ್ಕಳಿಗೆ ಈ ಕೆಲಸ ಬೇಡ. ಒಂಬತ್ತು, ಹತ್ತನೆಯ ತರಗತಿಯವರಿಗೆ ಅಧ್ಯಾಪಕರ ಎದುರಿನಲ್ಲಿ ಆಗಬಹುದು. ಅಂಕಗಳ ಚಿಂತೆಯವರಿಗೆ ನನ್ನ ಉತ್ತರ ಚಿಕ್ಕದು: ಶನಿವಾರದ ಮಧ್ಯಾಹ್ನ ಯಾರ ಅಂಕವನ್ನೂ ಕಸಿದುಕೊಂಡದ್ದಿಲ್ಲ.

ಒಂದು ಸಂಗತಿ ಮಾತ್ರ ನನಗೆ ರುಚಿಸದು. ಗಾಜಿನ ಬದಿಯ, ಒಳಗೆಲ್ಲ ಕೆಂಪು ಹಸಿರು ದೀಪಗಳು ಕುಣಿಯುವ ಸಿದ್ಧ ಪೆಟ್ಟಿಗೆಗಳು ಪೇಟೆಯಲ್ಲಿ ದೊರೆಯುತ್ತವೆ. ಜಾತ್ರೆಯ ತೇರಿಗೆ ಅಂಥ ಅಲಂಕಾರ ಒಪ್ಪೀತು. ತಂದೆಯ ಹಣ ಕೊಟ್ಟು ಅದನ್ನು ಮನೆಗೆ ತಂದವನು ಏನನ್ನೂ ಮಾಡಿದಂತಾಗಲಿಲ್ಲ. ನಮ್ಮ ಹುಡುಗನ ನೀಲಿ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಬಣ್ಣ ಇಳಿದ ಗೆರೆಯೊಂದಿದೆ. ಅದನ್ನು ಉಜ್ಜಿ ತೆಗೆದು ಮತ್ತೆ ಹೊಡೆಯುವೆನೆಂದು ಅವನೇ ಹೇಳಿದ್ದಾನೆ.

ಆದಕಾರಣ ಆಡಳಿತ ಮಂಡಲಿಯವರಲ್ಲಿಯೂ ಉದಾರಿಗಳಾದ ದಾನಿಗಳಲ್ಲಿಯೂ ನನ್ನ ಬಿನ್ನಹ ಇಷ್ಟು. ಉಗ್ರಾಣದ ಪೆಟ್ಟಿಗೆಗಳನ್ನು ಈ ವರ್ಷ ಗುಜರಿಗೆ ಕೊಡುವುದು ಬೇಡ. ದಾಸೋಹದ ಮನೆಯ ಹಿಂದಿರುವ ತಗಡಿನ ಚಪ್ಪರಕ್ಕೆ ಮೂರು ಕಡೆ ಗೋಡೆಯಿಲ್ಲ, ಗಾಳಿಗೆ ಕೊರತೆಯಿಲ್ಲ. ಆದರೆ ಒಲೆ ಹತ್ತಿರವಿರುವುದರಿಂದ ಅದು ಸಲ್ಲದು. ಆಟದ ಬಯಲಿನ ಅಂಚಿನಲ್ಲಿ ಅಂಥದೇ ಇನ್ನೊಂದು ಚಪ್ಪರ, ನಾಲ್ಕಾರು ಮುಖಗವಸು, ತಿರುಪುಳಿಗಳು, ಅರಗಳು, ಮರಳು ಕಾಗದ, ಒಂದಿಷ್ಟು ಪ್ರೈಮರ್ ಮತ್ತು ಬಣ್ಣ ದೊರೆತರೆ ಸಾಕು. ಊರಿನ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಬಂದು ಹೇಳಿಕೊಡಲು ಒಪ್ಪಿದ್ದಾರೆ. ಅವರಿಗೆ ಅತಿಥಿ ಅಧ್ಯಾಪಕರಿಗೆ ಸಲ್ಲುವ ಗೌರವವೂ ಸಂಭಾವನೆಯೂ ಸಲ್ಲಬೇಕು. ಚಪ್ಪರವು ಮಾಗಿ ಮುಗಿಯುವುದರೊಳಗೆ ಸಿದ್ಧವಾದರೆ ಒಳ್ಳೆಯದು. ಮುಂಗಾರು ಹಿಡಿಯಿತೆಂದರೆ ಬಣ್ಣ ಆರುವುದಿಲ್ಲ.