ಗೀರು ಯಾರದ್ದೋ, ದುಡ್ಡು ಮಾತ್ರ ನಮ್ಮದು!

ಈ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಆಫೀಸು, ರಿಲೀಸು, ಸೋಮಾರಿತನ ಎಲ್ಲಾ ಸೇರಿ ಬರೆಯೋದೇ ನಿಂತುಹೋಗಿತ್ತು. ಆದರೆ ಹೋದ ವಾರ ಬಂದ ಒಂದು ಇ-ಮೇಲ್ ನನ್ನನ್ನ ಎಬ್ಬಿಸಿ ಕೂರಿಸಿದೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಚಿಕ್ಕಮ್ಮನ ಮಗಳ ಮದುವೆ, ತೀರ್ಥಹಳ್ಳಿಯಲ್ಲಿ. ಅಪ್ಪ ಅಮ್ಮ ಇಬ್ಬರನ್ನೂ ಬೆಂಗಳೂರಿಂದ ಕರೆದುಕೊಂಡು ಹೋಗಬೇಕಿತ್ತು. ಅಪ್ಪನಿಗೆ ಮಂಡಿನೋವು, ರಾತ್ರಿ ಬಸ್ಸು ಆಗಲ್ಲ. ಸರಿ, ನಾವೇ ಓಡಿಸುವ ಬಾಡಿಗೆ ಕಾರು ತೊಗೊಳ್ಳೋಣ ಅಂತ ಮೊಬೈಲಲ್ಲೇ ಬುಕ್ ಮಾಡಿದೆ. ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿ ಹತ್ತರವರೆಗೆ. ಬಾಡಿಗೆ ಬೇರೆ, ಡೆಪಾಸಿಟ್ 5,000 ಬೇರೆ. ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರದ ಕಾರು ಮದುವೆ ಮನೆ ಮುಂದೆ ನಿಂತಾಗ "ಇದೆಂಥಾ ಮಾರಾಯ, ಯಾವ ಸರ್ಕಾರದ್ದು?" ಅಂತ ಎಲ್ಲರೂ ಕೇಳಿದ್ದೇ ಕೇಳಿದ್ದು. ಮದುವೆ ಚೆನ್ನಾಗಾಯ್ತು. ಅಪ್ಪ ದಾರಿಯುದ್ದಕ್ಕೂ ಹಿಂದಿನ ಸೀಟಲ್ಲಿ ಕಾಲು ಚಾಚಿ ಮಲಗಿದ್ದರು. ಅಷ್ಟಕ್ಕೇ ಕೊಟ್ಟ ಬಾಡಿಗೆ ಸಾರ್ಥಕ ಅಂದುಕೊಂಡೆ.

ಭಾನುವಾರ ರಾತ್ರಿ ಅಪ್ಪ ಅಮ್ಮನನ್ನ ಮನೆಗೆ ಬಿಟ್ಟು, ಯಶವಂತಪುರದ ಹತ್ತಿರ ಇರುವ ಅವರ ಯಾರ್ಡಿಗೆ ಬಂದಾಗ ಒಂಬತ್ತು ಐವತ್ತು. ಅಲ್ಲಿ ಇದ್ದಿದ್ದು ಒಬ್ಬನೇ ಹುಡುಗ. ನನ್ನ ಮುಂದೆ ಇನ್ನೂ ಐದು ಕಾರು. ನನ್ನ ಸರದಿ ಬಂದಾಗ ಹತ್ತು ಇಪ್ಪತ್ತೈದು. ಹುಡುಗ ಕತ್ತಲೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಫೋಟೋ ತೆಗೆದು, "ಎಲ್ಲಾ ಓಕೆ ಸಾರ್, ಹೊರಡಿ" ಅಂದ. ನಾನೂ ಥ್ಯಾಂಕ್ಸ್ ಹೇಳಿ ಆಟೋ ಹತ್ತಿದೆ.

ಬುಧವಾರ ಇ-ಮೇಲ್. ಎಡಗಡೆ ಹಿಂದಿನ ಬಾಗಿಲಲ್ಲಿ ಗೀರು: 6,500. ತಡವಾಗಿ ವಾಪಸ್ ಮಾಡಿದ್ದಕ್ಕೆ: 900. ಕಾರು ಗಲೀಜು, ತೊಳೆದಿದ್ದಕ್ಕೆ: 600. ಒಟ್ಟು 8,000. ನಿಮ್ಮ ಡೆಪಾಸಿಟ್ ಹಿಡಿದುಕೊಂಡಿದ್ದೇವೆ, ಬಾಕಿ 3,000 ಏಳು ದಿನದೊಳಗೆ ಕಟ್ಟಿ, ಇಲ್ಲದಿದ್ದರೆ ನಿಮ್ಮ ಖಾತೆ ನಿಲ್ಲಿಸುತ್ತೇವೆ!

ಪುಣ್ಯಕ್ಕೆ ಕಾರು ತೊಗೊಳ್ಳುವಾಗ ನಾನು ಸುತ್ತ ಒಂದು ವಿಡಿಯೋ ಮಾಡಿಟ್ಟಿದ್ದೆ. ತೆಗೆದು ನೋಡಿದರೆ ಆ ಗೀರು ಶುಕ್ರವಾರ ಸಂಜೆಯೇ ಅಲ್ಲಿ ಹಾಯಾಗಿ ಕೂತಿದೆ. ತಾರೀಕು, ಟೈಮು ಸಮೇತ ಕಳಿಸಿದೆ. ಉತ್ತರ ಬಂತು: "ನಿಮ್ಮ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ನಮ್ಮ ತಂಡ ಪರಿಶೀಲಿಸಿದೆ. ಶುಲ್ಕ ಸರಿಯಾಗಿದೆ." ವಿಡಿಯೋ ನೋಡಿದಿರಾ ಅಂತ ಕೇಳಿದೆ. ಮತ್ತೆ ಅದೇ ಉತ್ತರ, ಕೆಳಗೆ ಬೇರೆ ಹೆಸರು. ಫೋನ್ ಮಾಡಿದರೆ ಹತ್ತು ನಿಮಿಷ ಸಂಗೀತ ಕೇಳಿಸಿ ಕಟ್ ಆಯ್ತು. ಮರುದಿನ ಬೆಳಗ್ಗೆ ಮೆಸೇಜು: ನಿಮ್ಮ ದೂರು ಬಗೆಹರಿದಿದೆ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?

ಇದನ್ನ ಆಫೀಸಲ್ಲಿ ಹೇಳಿದಾಗ ಬಂದ ಮಾತುಗಳಿಗೆ ಉತ್ತರ ಕೊಡಬೇಕು ಅಂತಲೇ ಈ ಬರಹ.

ಒಬ್ಬ ಅಂದ, "ಸೈನ್ ಮಾಡೋಕ್ ಮುಂಚೆ ಕಂಡೀಷನ್ಸ್ ಓದಿರಲಿಲ್ವಾ?" ಇನ್ನೊಬ್ಬ ಅಂದ, "ಬಿಡೋ, ಐದು ಸಾವಿರಕ್ಕೆ ಯಾಕೆ ತಲೆ ಕೆಡಿಸ್ಕೋತೀಯ? ನಿನ್ನ ಸಂಬಳಕ್ಕೆ ಅದೊಂದು ಲೆಕ್ಕವಾ?" ಮೂರನೆಯವನು ಸ್ವಲ್ಪ ಸತ್ಯ ಹೇಳಿದ: "ಅವರದ್ದೂ ಕಷ್ಟ ಇರುತ್ತಪ್ಪಾ. ಜನ ಕಾರನ್ನ ಎಮ್ಮೆ ಥರ ಹೊಡೀತಾರೆ, ಆಮೇಲೆ ನಾನಲ್ಲ ಅಂತಾರೆ."

ಮೂರನೆಯವನಿಂದ ಶುರು ಮಾಡುತ್ತೇನೆ. ಹೌದು, ಜನ ಸುಳ್ಳು ಹೇಳುತ್ತಾರೆ. ನಾನೇ ಹೇಳಿದ್ದೇನೆ. ಕಾಲೇಜು ಮುಗಿದ ವರ್ಷ ಐದು ಜನ ಚಿಕ್ಕಮಗಳೂರಿಗೆ ಹೋಗಿದ್ದಾಗ ಒಂದು ಕಾಫಿ ಎಸ್ಟೇಟಿನ ಗೇಟಿಗೆ ಬಂಪರ್ ಉಜ್ಜಿತ್ತು. ಅದರ ಮೇಲೆ ಚೆನ್ನಾಗಿ ಕೆಸರು ಮೆತ್ತಿ, ಹಾಗೇ ವಾಪಸ್ ಕೊಟ್ಟು, ದಾರಿಯಲ್ಲಿ ಬಿದ್ದು ಬಿದ್ದು ನಕ್ಕಿದ್ದೆವು. ಆ ಗೀರಿಗೆ ನಮ್ಮ ನಂತರ ಕಾರು ತೊಗೊಂಡ ಯಾರೋ ದುಡ್ಡು ಕಟ್ಟಿರಬಹುದು. ಈ ವಾರ ಇ-ಮೇಲ್ ನೋಡುತ್ತಿದ್ದಾಗ ಅವನ ನೆನಪೇ ಆಗುತ್ತಿತ್ತು. ಅವನ ಮುಖ ನನಗೆ ಗೊತ್ತಿಲ್ಲ, ಆದರೆ ಅವನೂ ಹೀಗೇ "ನಾನಲ್ಲ ಸಾರ್" ಅಂತ ಬಡಕೊಂಡಿರಬೇಕು.

ಆದ್ದರಿಂದ ಗ್ರಾಹಕರೆಲ್ಲ ಸಾಚಾಗಳು ಅನ್ನೋದು ನನ್ನ ವಾದ ಅಲ್ಲವೇ ಅಲ್ಲ. ನನ್ನ ವಾದ ಇಷ್ಟೇ: ಎರಡೂ ಕಡೆ ಸುಳ್ಳು ಸಾಧ್ಯ ಇರೋದಕ್ಕೇ, ಲೆಕ್ಕ ಇಬ್ಬರ ಎದುರಿಗೇ ಆಗಬೇಕು. ವಾಪಸ್ ಕೊಟ್ಟ ಕ್ಷಣದಲ್ಲಿ, ಬೆಳಕಿನಲ್ಲಿ, ಇಬ್ಬರೂ ನಿಂತು. ನಾನು ಮನೆಗೆ ಹೋಗಿ ಮಲಗಿ ಮೂರು ದಿನ ಆದಮೇಲೆ ಅಲ್ಲ.

ನಮ್ಮ ಸೋದರಮಾವನದ್ದು ಶಾಮಿಯಾನ ಅಂಗಡಿ. ಮದುವೆ, ಗೃಹಪ್ರವೇಶಕ್ಕೆ ಕುರ್ಚಿ, ಜಮಖಾನ, ಕೊಪ್ಪರಿಗೆ, ಸೌಟು, ಬಕೆಟ್ ಎಲ್ಲಾ ಬಾಡಿಗೆಗೆ ಕೊಡುತ್ತಾರೆ. ಬೇಸಿಗೆ ರಜದಲ್ಲಿ ನನ್ನ ಕೆಲಸ ಎಣಿಸೋದು. ಹೋಗುವಾಗ ಎಣಿಸಿ ಚೀಟಿಯಲ್ಲಿ ಬರೆದು ಗಿರಾಕಿಯ ಸಹಿ, ವಾಪಸ್ ಬಂದಾಗ ಮತ್ತೆ ಅವರ ಎದುರೇ ಎಣಿಕೆ. ಕೊಪ್ಪರಿಗೆ ನಗ್ಗಿದ್ದರೆ ಅಲ್ಲೇ ತೋರಿಸಿ, ಅಲ್ಲೇ ಮಾತಾಡಿ, ಅಲ್ಲೇ ಮುಗೀತು. ಒಂದು ಸಲ ಗಿರಾಕಿ ಹೋದಮೇಲೆ ನಾನು ಎರಡು ಸೌಟು ಕಡಿಮೆ ಇರೋದನ್ನ ಕಂಡುಹಿಡಿದು ಹೆಮ್ಮೆಯಿಂದ ಹೇಳಿದೆ. ಮಾವ ಅಂದರು, "ಅವರು ಇರೋವಾಗ ಹೇಳ್ಬೇಕಿತ್ತು. ಈಗ ಅದು ನಮ್ಮ ಲೆಕ್ಕಕ್ಕೆ." ಎಸ್ಸೆಸ್ಸೆಲ್ಸಿ ಫೇಲಾದ ನನ್ನ ಮಾವನಿಗೆ ಗೊತ್ತಿರುವ ವ್ಯವಹಾರ, ಇಷ್ಟೊಂದು ಎಂಬಿಎಗಳು ತುಂಬಿರುವ ಕಂಪನಿಗೆ ಗೊತ್ತಿಲ್ಲ ಅಂದರೆ ನಂಬೋದು ಹೇಗೆ? ಗೊತ್ತಿದೆ. ಬೇಕಾಗಿಲ್ಲ, ಅಷ್ಟೇ. ಯಾಕೆಂದರೆ ನಮ್ಮ ಜುಟ್ಟು, ಅಂದರೆ ಡೆಪಾಸಿಟ್, ಅವರ ಕೈಯಲ್ಲಿದೆ. ದೂರು ಕೊಡುವವರೂ ಅವರೇ, ಸಾಕ್ಷಿಯೂ ಅವರೇ, ತೀರ್ಪೂ ಅವರದ್ದೇ, ವಸೂಲಿಯೂ ಅವರದ್ದೇ!

ಇನ್ನು "ಕಂಡೀಷನ್ಸ್ ಓದಿರಲಿಲ್ವಾ" ಅಂದವನಿಗೆ. ಈಗ ಓದಿದ್ದೇನೆ ಗೆಳೆಯಾ, ಪೂರ್ತಿ ಓದಿದ್ದೇನೆ. ಅದರ ಜೊತೆಗೆ ಕಾಯ್ದೆಯನ್ನೂ ಓದಿದ್ದೇನೆ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಇಷ್ಟು ದಂಡ ಅಂತ ಬರೆದಿದ್ದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಗರಿಷ್ಠ ಮಿತಿ ಅಷ್ಟೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೂ ಅನ್ಯಾಯದ ಕರಾರು ಎಂದರೇನು ಅಂತಲೇ ಪಟ್ಟಿ ಮಾಡುತ್ತದೆ. ಅತಿಯಾದ ಡೆಪಾಸಿಟ್ ಕೇಳೋದು, ಆದ ನಷ್ಟಕ್ಕೂ ಹಾಕಿದ ದಂಡಕ್ಕೂ ತಾಳಮೇಳ ಇಲ್ಲದಿರೋದು, ಎರಡೂ ಆ ಪಟ್ಟಿಯಲ್ಲಿವೆ. "ನೀವು ಒಪ್ಪಿಗೆ ಬಟನ್ ಒತ್ತಿದ್ದೀರಿ" ಅನ್ನೋದು ಬ್ರಹ್ಮಾಸ್ತ್ರ ಏನಲ್ಲ.

ಹಾಗಾಗಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಬಾಗಿಲಿಗೆ ಬಣ್ಣ ಹೊಡೆಸಿದ ಗ್ಯಾರೇಜಿನ ಬಿಲ್ ಎಲ್ಲಿ? ಇವತ್ತಿನವರೆಗೂ ಬಂದಿಲ್ಲ. ಬಣ್ಣ ಹೊಡೆಸಿದ್ದರೆ ತಾನೇ ಬಿಲ್ಲು! ಅದೇ ಗೀರಿಗೆ ನನಗಿಂತ ಮುಂಚೆ ಎಷ್ಟು ಜನರ ಹತ್ತಿರ ವಸೂಲಿ ಆಗಿದೆಯೋ, ನನ್ನ ನಂತರ ಎಷ್ಟು ಜನ ಕ್ಯೂನಲ್ಲಿ ಇದ್ದಾರೋ ದೇವರೇ ಬಲ್ಲ.

ನಮ್ಮ ಇಂಜಿನಿಯರ್ ಗೆಳೆಯರು ತಕ್ಷಣ ಹೇಳೋದು, "ಇದಕ್ಕೆಲ್ಲ ಎಐ ಸ್ಕ್ಯಾನರ್ ಇಟ್ಟರೆ ಮುಗೀತು, ಮನುಷ್ಯರ ತಕರಾರೇ ಇರಲ್ಲ." ಇಟ್ಟಿದ್ದಾರೆ ಸ್ವಾಮಿ. 2025ರಲ್ಲಿ ಅಮೆರಿಕದ ಅಟ್ಲಾಂಟಾ ವಿಮಾನ ನಿಲ್ದಾಣದಲ್ಲಿ ಹರ್ಟ್ಜ್ ಕಂಪನಿ ಇಂಥ ಯಂತ್ರ ಶುರು ಮಾಡಿತು. ಚಕ್ರದ ಮೇಲಿನ ಒಂದು ಇಂಚು ಗೀರಿಗೆ ಒಬ್ಬ ಗ್ರಾಹಕನಿಗೆ 440 ಡಾಲರ್ ಬಿಲ್ ಬಂದು ಅದು ದೊಡ್ಡ ಸುದ್ದಿಯಾಯ್ತು. ಅದರಲ್ಲಿ ರಿಪೇರಿಗೆ 250 ಡಾಲರ್. ಮಿಕ್ಕ 190 ಡಾಲರ್ ಪ್ರೋಸೆಸಿಂಗ್ ಫೀ, ಅಡ್ಮಿನಿಸ್ಟ್ರೇಟಿವ್ ಫೀ ಅಂತ! ಯಂತ್ರಕ್ಕೆ ಕಣ್ಣು ಚುರುಕಾಗಿರಬಹುದು. ಆದರೆ ಗೀರು ಕಂಡಮೇಲೆ ಎಷ್ಟು ಕೀಳಬೇಕು, ಎದುರು ಮಾತಾಡಿದರೆ ಯಾರು ಕೇಳಿಸಿಕೊಳ್ಳಬೇಕು ಅಂತ ತೀರ್ಮಾನ ಮಾಡೋದು ಯಂತ್ರ ಅಲ್ಲವಲ್ಲ.

ಈಗ ನಮ್ಮ ವೃತ್ತಿಯ ಮಾತು. "ನಿಮ್ಮ ದೂರು ಬಗೆಹರಿದಿದೆ" ಅನ್ನೋ ಆ ಮೆಸೇಜ್ ಓದಿ ನನಗೆ ಬೈಯೋಕೂ ಬಾಯಿ ಬರಲಿಲ್ಲ. ಯಾಕೆಂದರೆ ಎರಡು ವರ್ಷದ ಹಿಂದೆ ಬೇರೊಂದು ಕಂಪನಿಗೆ ಅಂಥದ್ದೇ ಕೋಡ್ ಬರೆದಿದ್ದು ನಾನೇ. ಗ್ರಾಹಕ 48 ಗಂಟೆ ಉತ್ತರ ಕೊಡದಿದ್ದರೆ ಟಿಕೆಟ್ ತಾನಾಗಿ ಕ್ಲೋಸ್, ವರದಿಯಲ್ಲಿ "ಬಗೆಹರಿದ" ಸಾಲಿಗೆ ಸೇರ್ಪಡೆ. ಗ್ರಾಫ್ ಜರ್ರನೆ ಮೇಲೇರಿತು. ಕ್ಲೈಂಟ್ ಖುಷಿ, ಮ್ಯಾನೇಜರ್ ಖುಷಿ, ನಮಗೆಲ್ಲ ಒಂದು ಊಟ. ಬಗೆಹರಿಯೋದಕ್ಕೂ ಸುಸ್ತಾಗಿ ಸುಮ್ಮನಾಗೋದಕ್ಕೂ ವ್ಯತ್ಯಾಸ ಇದೆ ಅಂತ ಆವತ್ತು ಆ ಮೀಟಿಂಗಿನಲ್ಲಿ ಒಬ್ಬರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಈ ಥರದ ಕೆಲಸ ನಿಮ್ಮ ಟೇಬಲ್ಲಿಗೂ ಬರುತ್ತೆ, ಆಗ ಒಂದು ಮಾತಾದರೂ ಕೇಳಿ: "ಗ್ರಾಹಕ ಒಪ್ಪಿದ್ದಾನಾ?" ಅಂತ.

"ಐದು ಸಾವಿರಕ್ಕೆ ಯಾಕೆ" ಅಂದವನಿಗೆ ನನ್ನ ಉತ್ತರ ಇದು. ಅವರ ವ್ಯಾಪಾರ ನಿಂತಿರೋದೇ ಆ ಮಾತಿನ ಮೇಲೆ. ಐವತ್ತು ಸಾವಿರ ಹಿಡಿದರೆ ನೀನು ಕೋರ್ಟಿಗೆ ಹೋಗ್ತೀಯ. ಐನೂರು ಹಿಡಿದರೆ ಅವರಿಗೆ ಗಿಟ್ಟಲ್ಲ. ಐದು ಸಾವಿರ ಅಂದರೆ ಹೊಟ್ಟೆ ಉರಿಯುತ್ತೆ, ಆದರೆ ಎದ್ದು ಹೋಗೋಷ್ಟು ಉರಿಯಲ್ಲ. ನಮಗೇನೋ ಸರಿ, ಬೈದುಕೊಂಡು ಮರೀತೀವಿ. ತಿಂಗಳ ಕೊನೆಯಲ್ಲಿ ಅಮ್ಮನನ್ನ ಆಸ್ಪತ್ರೆಗೆ ಕರೆದುಕೊಂಡು ಹೋಗೋಕೆ ಕಾರು ತೊಗೊಂಡವನಿಗೆ ಆ ಐದು ಸಾವಿರ ಮನೆ ಬಾಡಿಗೆಯ ಅರ್ಧ.

ನಾನು ಮಾಡಿದ್ದು ಹೇಳುತ್ತೇನೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ಜೊತೆಗೆ ಕಂಪನಿಗೆ ಒಂದು ಪುಟದ ಪತ್ರ: ವಿಡಿಯೋ, ಯಾರ್ಡಿನ ಗೇಟಿಗೆ ಒಂಬತ್ತು ಐವತ್ತಕ್ಕೆ ಬಂದಿದ್ದಕ್ಕೆ ನನ್ನ ಮೊಬೈಲಿನ ಲೊಕೇಶನ್, ಗ್ಯಾರೇಜ್ ಬಿಲ್ ಕೊಡಿ ಅನ್ನೋ ಬೇಡಿಕೆ, ಹದಿನೈದು ದಿನದಲ್ಲಿ ಸರಿ ಹೋಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಅನ್ನೋ ಮಾತು. 2019ರ ಕಾಯ್ದೆ ಬಂದಮೇಲೆ ನಾವು ಇರುವ ಊರಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ. ಘಟನೆ ನಡೆದು ಎರಡು ವರ್ಷದ ಒಳಗೆ ಕೊಡಬೇಕು.

ಒಂಬತ್ತನೇ ದಿನ ಉತ್ತರ ಬಂತು. "ನೀವು ನಮ್ಮ ಮೌಲ್ಯಯುತ ಗ್ರಾಹಕರಾಗಿರುವುದರಿಂದ, ಸದ್ಭಾವನೆಯ ಸಂಕೇತವಾಗಿ, ಗೀರಿನ ಶುಲ್ಕ ಮತ್ತು ವಿಳಂಬ ಶುಲ್ಕವನ್ನು ಮನ್ನಾ ಮಾಡಲಾಗಿದೆ." 5,000ದಲ್ಲಿ 600 ಹಿಡಿದು 4,400 ವಾಪಸ್.

ಇದೇ ನಾನು ಮೊದಲು ಹೇಳಿದ ಇ-ಮೇಲ್. ದುಡ್ಡು ಹಿಡಿದಾಗ ಬಂದ ಸಿಟ್ಟಿಗಿಂತ ಇದನ್ನ ಓದಿ ಬಂದ ಸಿಟ್ಟು ದೊಡ್ಡದು. ಸದ್ಭಾವನೆಯಂತೆ! ನನ್ನ ಜೇಬಿಂದ ತೆಗೆದಿದ್ದನ್ನ ನನಗೇ ದಾನ ಕೊಡೋದಾ? ತಪ್ಪಾಯ್ತು ಅನ್ನೋ ಎರಡಕ್ಷರ ಎಲ್ಲಿ? ತಪ್ಪು ಅಂತ ಒಪ್ಪಿದರೆ ಆ ಗೀರಿಗೆ ದುಡ್ಡು ಕಟ್ಟಿದ ಉಳಿದವರಿಗೂ ಕೊಡಬೇಕಾಗುತ್ತೆ. ದಾನ ಅಂದರೆ ಕೂಗಾಡಿದವನಿಗೆ ಮಾತ್ರ ಕೊಟ್ಟು ಮುಗಿಸಬಹುದು. ಅದಕ್ಕೇ ಈ ಸದ್ಭಾವನೆ.

ನಾನು ಕೇಳೋದು ದೊಡ್ಡದೇನಲ್ಲ. ವಾಪಸ್ ಕೊಡುವಾಗ ಇಬ್ಬರೂ ನಿಂತು ನೋಡಿ, ಅಲ್ಲೇ ಒಂದು ಚೀಟಿ ಕೊಡಲಿ. ಚೀಟಿಯಲ್ಲಿ ಇಲ್ಲದ ಗೀರಿಗೆ ಆಮೇಲೆ ಒಂದು ಪೈಸೆ ಕೇಳಬಾರದು. ದುಡ್ಡು ಹಿಡಿದರೆ ಗ್ಯಾರೇಜಿನ ಬಿಲ್ ತೋರಿಸಲಿ. ಗೇಟಿಗೆ ಬಂದ ಹೊತ್ತೇ ವಾಪಸ್ ಕೊಟ್ಟ ಹೊತ್ತು ಆಗಲಿ, ಅವರ ಹುಡುಗ ಬಟನ್ ಒತ್ತಿದ ಹೊತ್ತಲ್ಲ. ಅಲ್ಲಿಯವರೆಗೆ, ಬಾಡಿಗೆ ಕಾರು ತೊಗೊಳ್ಳುವ ಗೆಳೆಯರೇ, ಹೋಗುವಾಗಲೂ ಬರುವಾಗಲೂ ವಿಡಿಯೋ ಮಾಡಿ. ಛಾವಣಿ, ಚಕ್ರ, ಪೆಟ್ರೋಲ್ ಮುಳ್ಳು ಒಂದನ್ನೂ ಬಿಡಬೇಡಿ. ಅಕಸ್ಮಾತ್ ನೀವೇ ಗೀರಿದ್ದರೆ ಕೆಸರು ಮೆತ್ತಬೇಡಿ, ಹೇಳಿಬಿಡಿ.

ನಿಮಗೂ ಹೀಗೆ ಆಗಿದೆಯಾ? ಏನು ಮಾಡಿದಿರಿ? ಕೆಳಗೆ ಬರೆಯಿರಿ.

ಬಾಲಂಗೋಚಿ: ಮೊನ್ನೆ ಆ ಕಡೆ ಹೋದಾಗ ಯಾರ್ಡಿನ ಹುಡುಗ ಸಿಕ್ಕಿದ್ದ. ಬೈಯೋಣ ಅಂತಲೇ ನಿಂತೆ. "ದುಡ್ಡು ಹಾಕೋದು ನಾವಲ್ಲ ಸಾರ್, ಮೇಲಿಂದ ಬರುತ್ತೆ. ಗೀರು ಮಿಸ್ಸಾದ್ರೆ ನಮ್ಮ ಸಂಬಳದಲ್ಲಿ ಹಿಡೀತಾರೆ" ಅಂದ. ಉತ್ತರ ಕರ್ನಾಟಕದ ಕಡೆಯ ಹುಡುಗ, ರಾತ್ರಿ ಹನ್ನೆರಡರವರೆಗೆ ಒಬ್ಬನೇ ಇರುತ್ತಾನೆ. ಇಬ್ಬರೂ ಟೀ ಕುಡಿದು ಬಂದೆವು. ಆ 600 ರೂಪಾಯಿಗೆ ನಾನಿನ್ನೂ ಪತ್ರ ಬರೆಯುತ್ತಲೇ ಇದ್ದೇನೆ.