ರೇಡಿಯೋಗೂ ಬೇಕು ಜರಡಿ

ಸಂತೆಯ ಗದ್ದಲದ ನಡುವೆ ನಿಂತ ತಾಯಿಗೆ ತನ್ನ ಮಗುವಿನ ದನಿ ಮಾತ್ರ ಹೇಗೆ ಕೇಳಿಸುತ್ತದೆ? ಕಿವಿಗೆ ಬೀಳುವ ನೂರೆಂಟು ಸದ್ದುಗಳಲ್ಲಿ ಬೇಡವಾದವನ್ನು ಮಿದುಳು ಬದಿಗೆ ಸರಿಸುತ್ತದೆ. ರೇಡಿಯೋಗೆ ಮಿದುಳಿಲ್ಲ. ಆಕಾಶವಾಣಿಯ ಹಾಡು, ವಿಮಾನ ಚಾಲಕನ ಮಾತು, ಪಕ್ಕದ ಮನೆಯ ಮಿಕ್ಸಿಯ ಗೊರಗೊರ ಎಲ್ಲವೂ ಒಂದೇ ಆಂಟೆನಾದಲ್ಲಿ ಒಟ್ಟಿಗೇ ಇಳಿಯುತ್ತವೆ. ಅವುಗಳಲ್ಲಿ ಬೇಕಾದ್ದನ್ನು ಉಳಿಸಿ ಉಳಿದದ್ದನ್ನು ಹೊರಗಿಡುವ ಕೆಲಸ ಫಿಲ್ಟರ್ ಎಂಬ ಜರಡಿಯದು.

ಈ ಜರಡಿಯ ಮಹತ್ವ ಚೆನ್ನಾಗಿ ತಿಳಿಯುವುದು ರೇಡಿಯೋ ಸ್ಕ್ಯಾನರ್ ಬಳಸುವಾಗ. ಸಾಮಾನ್ಯ ರೇಡಿಯೋ ಒಂದು ನಿಲ್ದಾಣದಲ್ಲಿ ನಿಂತು ಹಾಡುತ್ತದೆ. ಸ್ಕ್ಯಾನರ್ ಹಾಗಲ್ಲ, ಸೆಕೆಂಡಿಗೆ ಹತ್ತಾರು ಆವೃತ್ತಿಗಳನ್ನು ತಡಕುತ್ತ ಹೋಗಿ, ಸಂಕೇತ ಸಿಕ್ಕಲ್ಲಿ ನಿಲ್ಲುತ್ತದೆ. ಹ್ಯಾಮ್ ಹವ್ಯಾಸಿಗಳ ಮಾತುಕತೆ, 118ರಿಂದ 137 ಮೆಗಾಹರ್ಟ್ಸ್‌ವರೆಗಿನ ವಿಮಾನಯಾನ ಪಟ್ಟಿ, ಹಡಗುಗಳ ಸಂಪರ್ಕ ಹೀಗೆ ಅದರ ಹರವು ದೊಡ್ಡದು. ಹರವು ದೊಡ್ಡದಾದಷ್ಟೂ ಒಳನುಗ್ಗುವ ಕಸವೂ ಹೆಚ್ಚು.

ಸದ್ದು ಸರಿಯಾಗಿ ಕೇಳಿಸದಿದ್ದರೆ ಹೊಸಬರು ಮೊದಲು ವಾಲ್ಯೂಮ್ ಏರಿಸುತ್ತಾರೆ. ಆಮೇಲೆ ದೊಡ್ಡ ಆಂಟೆನಾ ಕಟ್ಟುತ್ತಾರೆ. ಕೊನೆಗೆ ವರ್ಧಕವೊಂದನ್ನು ತಂದು ಜೋಡಿಸುತ್ತಾರೆ. ಆದರೆ ವರ್ಧಕಕ್ಕೆ ಕಾಳು ಯಾವುದು, ಹೊಟ್ಟು ಯಾವುದು ಎಂಬ ಭೇದವಿಲ್ಲ. ಎರಡನ್ನೂ ಸಮನಾಗಿ ಹಿಗ್ಗಿಸುತ್ತದೆ. ಅನೇಕ ವೇಳೆ ಪರಿಹಾರ ಇರುವುದು ಹೆಚ್ಚು ಹಿಡಿಯುವುದರಲ್ಲಲ್ಲ, ಹೆಚ್ಚು ಬಿಡುವುದರಲ್ಲಿ.

ಸ್ಕ್ಯಾನರ್‌ನಲ್ಲಿ ಮುಖ್ಯವಾಗಿ ಎರಡು ಕಡೆ ಜರಡಿ ಇರುತ್ತದೆ. ಒಂದು ಹೆಬ್ಬಾಗಿಲಲ್ಲಿ, ಅಂದರೆ ಆಂಟೆನಾದ ಬೆನ್ನಿಗೇ. ಇನ್ನೊಂದು ಒಳಮನೆಯಲ್ಲಿ, ಒಂದು ಚಾನೆಲ್ಲನ್ನು ಪಕ್ಕದ ಚಾನೆಲ್ಲಿನಿಂದ ಬೇರ್ಪಡಿಸುವಲ್ಲಿ. ಗುಂಡಿ ತಿರುಗಿಸಿ ಅಥವಾ ಮೆನುವಿನಲ್ಲಿ ಬದಲಿಸುವುದು ಸಾಮಾನ್ಯವಾಗಿ ಈ ಎರಡನೆಯದನ್ನು. ಇದರ ಅಗಲವನ್ನು ಕಿಲೋಹರ್ಟ್ಸ್‌ನಲ್ಲಿ ಹೇಳುತ್ತಾರೆ.

ಎಷ್ಟು ಅಗಲ ಬೇಕು? ಅದನ್ನು ನಿರ್ಧರಿಸುವುದು ಬರುವ ಸಂಕೇತ. ಮನುಷ್ಯನ ಮಾತು ಅರ್ಥವಾಗಲು ಸುಮಾರು 3 ಕಿಲೋಹರ್ಟ್ಸ್‌ವರೆಗಿನ ಧ್ವನಿ ಸಾಕು. ವಿಮಾನಗಳು ಬಳಸುವ ಎ.ಎಂ. ವಿಧಾನದಲ್ಲಿ ಅದು ಎರಡೂ ಬದಿಗೆ ಹರಡುವುದರಿಂದ 6 ಕಿಲೋಹರ್ಟ್ಸ್ ಆಗುತ್ತದೆ. ಹ್ಯಾಮ್‌ಗಳ ಏಕಪಾರ್ಶ್ವ ವಿಧಾನದಲ್ಲಿ, ಅಂದರೆ ಎಸ್.ಎಸ್.ಬಿ.ಯಲ್ಲಿ, ಒಂದು ಬದಿ ಮಾತ್ರ ಇರುವುದರಿಂದ 2.4ರಿಂದ 2.7 ಸಾಕು. ಎಫ್.ಎಂ.ಗೆ ಅಮೆರಿಕದ ಎಂಜಿನಿಯರ್ ಕಾರ್ಸನ್ ಹೆಸರಿನ ಸುಲಭ ಲೆಕ್ಕವಿದೆ: ಆವೃತ್ತಿ ಆಚೀಚೆ ತೂಗಾಡುವ ಗರಿಷ್ಠ ಅಳತೆಗೆ ಧ್ವನಿಯ ಗರಿಷ್ಠ ಆವೃತ್ತಿ ಕೂಡಿಸಿ, ಎರಡರಿಂದ ಗುಣಿಸಿ. ವಾಕಿಟಾಕಿಯಲ್ಲಿ 5 ಮತ್ತು 3 ಕೂಡಿ ಎಂಟು, ಅದರ ಎರಡರಷ್ಟು 16 ಕಿಲೋಹರ್ಟ್ಸ್. ಸಂಗೀತ ಬಿತ್ತರಿಸುವ ಎಫ್.ಎಂ. ನಿಲ್ದಾಣದಲ್ಲಿ 75 ಮತ್ತು 15 ಕೂಡಿ 90, ಎರಡರಷ್ಟು 180.

ವಿಮಾನದ ಮಾತನ್ನು 180 ಕಿಲೋಹರ್ಟ್ಸ್ ಅಗಲದ ಬಾಗಿಲಲ್ಲಿ ಕೇಳಲು ಕೂತರೆ ಏನಾಗುತ್ತದೆ? ಮಾತು ಬರುವುದು ಬಾಗಿಲಿನ ಸಣ್ಣ ಸಂದಿಯಿಂದ. ಉಳಿದ ಜಾಗವೆಲ್ಲ ಗದ್ದಲಕ್ಕೆ ರಾಜಮಾರ್ಗ. ಗದ್ದಲ ಎಲ್ಲ ಆವೃತ್ತಿಗಳಲ್ಲೂ ಸಮನಾಗಿ ಹರಡಿರುವಾಗ, ಅಗಲವನ್ನು ಅರ್ಧ ಮಾಡಿದರೆ ಗದ್ದಲದ ಶಕ್ತಿಯೂ ಅರ್ಧಕ್ಕಿಳಿಯುತ್ತದೆ. ಕಿವಿಗೆ ಕೇಳಿಸದ ಮಾತು ಕೇಳಿಸತೊಡಗುವುದು ಹೀಗೆ.

ಹಾಗೆಂದು ಜರಡಿಯ ಕಣ್ಣನ್ನು ಅತಿಯಾಗಿ ಸಣ್ಣ ಮಾಡಿದರೆ ಹೊಟ್ಟಿನ ಜತೆ ಕಾಳೂ ಹೋಗುತ್ತದೆ. ಎಫ್.ಎಂ. ಮಾತು ಒಡೆದು ಕರ್ಕಶವಾಗುತ್ತದೆ. ಎಸ್.ಎಸ್.ಬಿ.ಯಲ್ಲಿ ದನಿ ಮಡಕೆಯೊಳಗಿಂದ ಬಂದಂತಾಗಿ ಸ, ಶ, ಫ ಮುಂತಾದ ವ್ಯಂಜನಗಳು ಮಾಯವಾಗುತ್ತವೆ. ಸ್ವರಗಳು ಉಳಿಯುತ್ತವೆ, ಅರ್ಥ ಹೋಗುತ್ತದೆ. ವಿಮಾನಯಾನದಲ್ಲಿ ಇಂಥ ಕಿವಿಮೋಸ ಆಗಬಾರದೆಂದೇ ಇಂಗ್ಲಿಷಿನ ‘ಫೈವ್’ ಅನ್ನು ‘ಫೈಫ್’ ಎಂದೂ ‘ನೈನ್’ ಅನ್ನು ‘ನೈನರ್’ ಎಂದೂ ಉಚ್ಚರಿಸುವ ಪದ್ಧತಿ ಇದೆ. ಐದು ಒಂಬತ್ತಾಗಿ ಕೇಳಿಸಿದರೆ ವಿಮಾನ ಹಾರುವ ಎತ್ತರವೇ ಬದಲಾದೀತು.

ಇನ್ನು ಹೆಬ್ಬಾಗಿಲಿನ ಜರಡಿ. ವಿಮಾನಯಾನ ಪಟ್ಟಿಯ ಕೆಳಗೇ 88ರಿಂದ 108 ಮೆಗಾಹರ್ಟ್ಸ್‌ವರೆಗೆ ಎಫ್.ಎಂ. ನಿಲ್ದಾಣಗಳಿವೆ. ನಗರದ ನಿಲ್ದಾಣಗಳ ಶಕ್ತಿ ಸಾವಿರಾರು ವಾಟ್. ವಿಮಾನದ ಪ್ರೇಷಕದ್ದು ಇಪ್ಪತ್ತು ವಾಟ್ ಆಸುಪಾಸು. ಬಲವಾದ ಎರಡು ನಿಲ್ದಾಣಗಳು ಒಟ್ಟಿಗೆ ನುಗ್ಗಿದರೆ ಸ್ಕ್ಯಾನರ್‌ನ ಮೊದಲ ಹಂತ ತತ್ತರಿಸಿ, ಎರಡನ್ನೂ ಬೆರೆಸಿ ಇಲ್ಲದ ಸಂಕೇತವೊಂದನ್ನು ತಾನೇ ಹುಟ್ಟಿಸುತ್ತದೆ. ಉದಾಹರಣೆಗೆ 107.5 ಮತ್ತು 93.5 ತೆಗೆದುಕೊಳ್ಳಿ. ಮೊದಲನೆಯದರ ಎರಡರಷ್ಟು 215, ಅದರಲ್ಲಿ 93.5 ಕಳೆದರೆ 121.5. ಅದು ಅಂತರರಾಷ್ಟ್ರೀಯ ವಿಮಾನಯಾನದ ತುರ್ತು ಆವೃತ್ತಿ! ಆಪತ್ತಿನ ಕರೆಗೆಂದು ಮೀಸಲಾದ ಜಾಗದಲ್ಲಿ ಸಿನಿಮಾ ಹಾಡು ಕೇಳಿಸಿದರೆ, ಅಲ್ಲಿ ಯಾರೂ ಹಾಡು ಬಿತ್ತರಿಸಿಲ್ಲ. ದೆವ್ವ ಇರುವುದು ಸ್ಕ್ಯಾನರ್‌ನ ಹೊಟ್ಟೆಯಲ್ಲೇ.

ಈ ದೆವ್ವವನ್ನು ಪತ್ತೆಮಾಡಲು ಸರಳ ಉಪಾಯವಿದೆ. ಅನೇಕ ಸ್ಕ್ಯಾನರ್‌ಗಳಲ್ಲಿ ಅಟೆನ್ಯುಯೇಟರ್ ಎಂಬ ಗುಂಡಿ ಇರುತ್ತದೆ. ಒಳಬರುವುದನ್ನೆಲ್ಲ ತಗ್ಗಿಸುವುದು ಅದರ ಕೆಲಸ. ಅದು ಎಲ್ಲವನ್ನೂ ಹತ್ತನೇ ಒಂದು ಭಾಗಕ್ಕೆ ಇಳಿಸಿತೆನ್ನಿ. ನಿಜವಾದ ಸಂಕೇತ ಹತ್ತನೇ ಒಂದಕ್ಕೆ ಇಳಿಯುತ್ತದೆ. ಬೆರಕೆಯಿಂದ ಹುಟ್ಟಿದ ಇಂಥ ಸುಳ್ಳು ಸಂಕೇತ ಸಾವಿರದಲ್ಲಿ ಒಂದಕ್ಕೆ ಕುಸಿಯುತ್ತದೆ. ಗುಂಡಿ ಒತ್ತಿದೊಡನೆ ಹಾಡು ಮಾಯವಾಗಿ, ವಿಮಾನದ ಮಾತು ಕ್ಷೀಣವಾದರೂ ಸ್ಪಷ್ಟವಾಗಿ ಕೇಳಿಸಿದರೆ ರೋಗನಿದಾನ ಆದಂತೆ. ಆಂಟೆನಾ ಮತ್ತು ಸ್ಕ್ಯಾನರ್ ನಡುವೆ 88ರಿಂದ 108ರವರೆಗಿನ ಪಟ್ಟಿಯನ್ನು ತಡೆಯುವ ಫಿಲ್ಟರ್ ಹಾಕುವುದೇ ಮದ್ದು.

ಈಗ ಕಂಪ್ಯೂಟರ್‌ಗೆ ಸಿಕ್ಕಿಸುವ ಬೆರಳುದ್ದದ ರೇಡಿಯೋ ಬಂದಿದೆ. ಅದರಲ್ಲಿ ಫಿಲ್ಟರ್ ಎಂದರೆ ಪರದೆಯ ಮೇಲಿನ ಪಟ್ಟಿ. ಮೌಸ್‌ನಿಂದ ಎಳೆದರೆ ಹಿಗ್ಗುತ್ತದೆ, ಕುಗ್ಗುತ್ತದೆ. ಆದರೆ ಈ ಜರಡಿ ಇರುವುದು ಒಳಮನೆಯಲ್ಲಿ. ಸಂಕೇತ ಅಂಕಿಗಳಾಗಿ ಬದಲಾಗುವ ಮೊದಲೇ ಕೆಟ್ಟಿದ್ದರೆ ಪರದೆಯ ಮೇಲೆ ಎಷ್ಟು ಎಳೆದಾಡಿದರೂ ಅದು ನೆಟ್ಟಗಾಗುವುದಿಲ್ಲ. ಹಾಲು ಒಡೆದ ಮೇಲೆ ಸೋಸಿ ಫಲವೇನು?

ಯಾವ ಫಿಲ್ಟರಿಗೂ ಬಗ್ಗದ ಗದ್ದಲವೂ ಒಂದಿದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್‌ಗಳು ಹೊಮ್ಮಿಸುವ ಸದ್ದು ಬೇಕಾದ ಆವೃತ್ತಿಯಲ್ಲೇ ಬಂದು ಕೂತರೆ ಅದನ್ನು ಸೋಸಲಾಗದು. ಬ್ಯಾಟರಿಯಲ್ಲಿ ರೇಡಿಯೋ ಹಚ್ಚಿ, ಮನೆಯ ಮೇನ್ ಸ್ವಿಚ್ ಆರಿಸಿ ನೋಡಿದರೆ ಅಪರಾಧಿ ಮನೆಯೊಳಗೋ ಹೊರಗೋ ತಿಳಿಯುತ್ತದೆ. ಕರೆಂಟು ಹೋದಾಗ ರೇಡಿಯೋ ಚೆನ್ನಾಗಿ ಕೇಳಿಸುವ ಅನುಭವ ನಮ್ಮ ಹಳ್ಳಿಗಳಲ್ಲಿ ಹೊಸದೇನಲ್ಲ.

ಆದ್ದರಿಂದ ಕೆಲಸದ ಕ್ರಮ ಹೀಗಿರಲಿ. ಮೊದಲು ಮನೆಯ ಗದ್ದಲ ಅಡಗಿಸಬೇಕು. ಆಮೇಲೆ ಅಟೆನ್ಯುಯೇಟರ್ ಒತ್ತಿ ಸುಳ್ಳು ಸಂಕೇತಗಳಿವೆಯೇ ನೋಡಬೇಕು. ಬಳಿಕ ಸಂಕೇತಕ್ಕೆ ತಕ್ಕ ಅಗಲ ಆರಿಸಿ, ಮಾತು ಕೆಡದಷ್ಟು ಮಟ್ಟಿಗೆ ಕುಗ್ಗಿಸಬೇಕು. ಸದ್ದಿಲ್ಲದಾಗ ಸ್ಪೀಕರಿನ ಬಾಯಿ ಮುಚ್ಚಿಸುವ ಸ್ಕ್ವೆಲ್ಚ್ ಗುಂಡಿಯನ್ನು ಕಟ್ಟಕಡೆಗೆ ಮುಟ್ಟಬೇಕು. ಅದನ್ನೇ ಮೊದಲು ಬಿಗಿದರೆ ಕ್ಷೀಣ ಸಂಕೇತಗಳು ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ಇನ್ನೊಂದು ಮಾತು: ನಮ್ಮಲ್ಲಿ ನಿಸ್ತಂತು ಉಪಕರಣಗಳಿಗೆ ಪರವಾನಗಿಯ ನಿಯಮಗಳಿವೆ. ಅವನ್ನು ತಿಳಿದುಕೊಂಡೇ ಈ ಹವ್ಯಾಸಕ್ಕೆ ಇಳಿಯಬೇಕು. ಪೊಲೀಸರ, ಸೇನೆಯ ಮಾತಿಗೆ ಕಿವಿಗೊಡುವುದು ಹವ್ಯಾಸವಲ್ಲ.

ಇಷ್ಟೆಲ್ಲ ಪಾಡು ಏಕೆ ಎನ್ನುವವರು 2004ರ ಡಿಸೆಂಬರ್ 26ನ್ನು ನೆನೆಯಬಹುದು. ಸುನಾಮಿ ಅಪ್ಪಳಿಸಿ ಅಂಡಮಾನ್ ದ್ವೀಪಗಳ ದೂರವಾಣಿ ಸಂಪರ್ಕ ಕಡಿದಾಗ, ಹವ್ಯಾಸಕ್ಕೆಂದು ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಅವರ ಹ್ಯಾಮ್ ತಂಡ ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿತು. ಕಡಲಾಚೆಯಿಂದ ಹಾಗೆ ಬರುವ ದನಿ ಸಣ್ಣದು, ಸುತ್ತಲಿನ ಗದ್ದಲ ದೊಡ್ಡದು. ಕಳಿಸುವವರು ಎಷ್ಟೇ ಗಟ್ಟಿಗರಾದರೂ ಇತ್ತ ಕಡೆ ಕೂತವರಿಗೆ ಸೋಸುವ ಕಲೆ ಗೊತ್ತಿರಬೇಕು. ಬದುಕಿರುವವರ ಹೆಸರುಗಳ ಪಟ್ಟಿ ಕೇಳುವಾಗ ಒಂದು ಅಕ್ಷರ ತಪ್ಪಿದರೂ ಯಾವುದೋ ಮನೆಯಲ್ಲಿ ಅನ್ನ ಬೇಯುವುದಿಲ್ಲ.